ಹೋಗದೆ ಬರೆದ ಒಂಬತ್ತು ಸೊನ್ನೆ

ಪ್ರಿನ್ಸಿಪಾಲರು ಇದ್ದಾರಾ ಎಂದು ಯಾರಾದರೂ ಕೇಳಿದರೆ ನಮ್ಮ ಅಟೆಂಡರ್ "ಇಲ್ಲ" ಎನ್ನುತ್ತಿರಲಿಲ್ಲ. "ನನ್ ಕಣ್ಣಿಗೆ ಬಿದ್ದಿಲ್ಲ" ಎನ್ನುತ್ತಿದ್ದರು. ಕೇಳಿದವರಿಗೆ ರೇಗುತ್ತಿತ್ತು. "ಅಲ್ರೀ, ಇದಾರೋ ಇಲ್ವೋ, ಅಷ್ಟು ಹೇಳಿ" ಎಂದರೆ, "ನಾನು ಕಾರಿಡಾರಲ್ಲಿದ್ದೆ ಸಾರ್, ರೂಮೊಳಗೆ ಹೋಗಿ ನೋಡಿಲ್ಲ. ನೋಡ್ದೆ ಇದ್ಮೇಲೆ ಇಲ್ಲ ಅಂತ ಹೆಂಗ್ ಹೇಳ್ಲಿ?" ಎಂದು ತಣ್ಣಗೆ ಕೇಳುತ್ತಿದ್ದರು. ಜಯನಗರದ ನಮ್ಮ ಕಾಲೇಜಿನಲ್ಲಿ ಇದೊಂದು ತಮಾಷೆಯಾಗಿತ್ತು. ಸ್ಟಾಫ್ ರೂಮಿನಲ್ಲಿ ಯಾರದಾದರೂ ಪೆನ್ನು ಕಳೆದರೆ ಎಲ್ಲರೂ ಅವರ ಧ್ವನಿಯಲ್ಲೇ "ನನ್ ಕಣ್ಣಿಗೆ ಬಿದ್ದಿಲ್ಲ" ಎಂದು ಅಣಕಿಸುತ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವಳು ನಾನೇ.

ಅವರು ಇದ್ದದ್ದು ನಮ್ಮ ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಎರಡು ಸಲ ಕೂತು ಎರಡು ಸಲವೂ ಎದ್ದುಬಿಟ್ಟೆ. ಅವರ ಬಗ್ಗೆ ಬರೆಯಬೇಕಾದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ, ಅದೂ ನಾನು ಇಷ್ಟು ವರ್ಷ ಬಾಯಿ ಬಿಡದ ಭಾಗವನ್ನು. ಮೂರನೇ ಸಲ ಕೂತಿದ್ದೇನೆ. ಈ ಸಲ ಏಳುವುದಿಲ್ಲ.

ಕೋಣನಕುಂಟೆಯ ಹಳೇ ಮನೆತನ ಅವರದು. ತಂದೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲ ಇವರ ಕಾಲಕ್ಕೆ ಲೇಔಟಾಗಿತ್ತು. ಉಳಿದ ತುಂಡಿನಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು, ಕೆಳಗೆ ಇವರು, ಮೇಲೆಲ್ಲ ಬಾಡಿಗೆಯವರು. ನಾನು ಡಾಕ್ಟರೇಟು ಮಾಡಿಕೊಂಡು ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿದ್ದೆ. "ಅಟೆಂಡರ್ ಓನರು, ಲೆಕ್ಚರರ್ ಟೆನೆಂಟು. ಎಂಥ ಕಾಲ ಬಂತು ಅಣ್ಣ" ಎಂದು ಕಾಲೆಳೆದರೆ, "ನಮ್ದೊಂದು ಮನೆ ಖಾಲಿ ಆದ್ರೆ ಹೇಳ್ತೀನಿ ಬಿಡಿ ಮೇಡಂ. ನಿಮ್ಗಾದ್ರೆ ಇಪ್ಪತ್ನಾಲ್ಕು ಗಂಟೆ ನೀರು" ಎಂದು ನಗುತ್ತಿದ್ದರು. ಕಾಲೇಜಿನಲ್ಲಿ ಅಟೆಂಡರುಗಳನ್ನು ಹೆಸರು ಹಿಡಿದು ಕೂಗುವುದು ರೂಢಿ. ನನಗೆ ಯಾಕೋ ಮೊದಲ ದಿನವೇ ಅಣ್ಣ ಎಂದು ಬಾಯಿಗೆ ಬಂತು, ಹಾಗೇ ಉಳಿಯಿತು.

ಮನೆಯಲ್ಲಿ ಕೂತರೂ ಸಂಸಾರ ನಡೆಯುತ್ತಿದ್ದ ಮನುಷ್ಯ ಹಳೇ ಸ್ಕೂಟರ್ ಹತ್ತಿ ದಿನಾ ಕಾಲೇಜಿಗೆ ಬರುತ್ತಿದ್ದುದು ಒಂದು ಪುಸ್ತಕಕ್ಕಾಗಿ. ಬನ್ನೇರುಘಟ್ಟ ರಸ್ತೆಯಲ್ಲಿ ಬಿಳೇಕಹಳ್ಳಿ ದಾಟಿ ಸ್ವಲ್ಪ ಒಳಗೆ ಹೋದರೆ ಒಂದು ಕೆರೆಯಿದೆ. ಆ ಕೆರೆಯ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಗಳನ್ನು ವಾರವಾರ ಎಣಿಸಿ ಬರೆದಿಡುವ ಕೆಲಸವನ್ನು ನಮ್ಮ ವಿಭಾಗದ ಒಬ್ಬ ಹಿರಿಯ ಪ್ರೊಫೆಸರ್ ಶುರುಮಾಡಿದ್ದರು. ಅವರು ನಿವೃತ್ತರಾಗಿ ಊರು ಬಿಟ್ಟರು. ಆಮೇಲೆ ಬಂದ ಯಾರಿಗೂ ಅದು ಬೇಡವಾಯಿತು. ಎಸ್ಸೆಸ್ಸೆಲ್ಸಿ ಫೇಲಾದ ಅಟೆಂಡರ್ ಅದನ್ನು ಎತ್ತಿಕೊಂಡು ಇಪ್ಪತ್ತು ವರ್ಷ ನಡೆಸಿದರು. ಲಾಂಗ್ ಬುಕ್ಕುಗಳು ಒಂದರ ಮೇಲೊಂದು ಬೀರುವಿನಲ್ಲಿ ಕೂತಿದ್ದವು.

ಪ್ರಾಕ್ಟಿಕಲ್ಸಿಗೆ ಬಂದ ಮಕ್ಕಳು ಟ್ರೇಯಲ್ಲಿ ಪಿನ್ನು ಚುಚ್ಚಿಟ್ಟ ಏರೋಪ್ಲೇನ್ ಚಿಟ್ಟೆಯನ್ನು ನೋಡಿ ಆಕಳಿಸಿದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಪಾಠ ಮಾಡುವುದು ತಮ್ಮ ಕೆಲಸವಲ್ಲ ಎಂಬುದು ಗೊತ್ತಿದ್ದೂ ಬಾಗಿಲ ಹತ್ತಿರ ನಿಂತು ಹೇಳಿಬಿಡುತ್ತಿದ್ದರು. "ಭೂಮಿ ಮೇಲೆ ಹೂವು ಅನ್ನೋದೇ ಹುಟ್ಟಿರ್ಲಿಲ್ಲ, ಆಗ್ಲೇ ಇದರ ಮುತ್ತಜ್ಜಂದ್ರು ಹಾರ್ತಿದ್ರಂತೆ. ಇನ್ನೂ ರೆಕ್ಕೆ ಮಡಿಸ್ಕೊಂಡು ಮಲಗೋದು ಕಲ್ತಿಲ್ಲ, ನೋಡಿ, ಹೆಂಗೆ ಅಗಲಿಸ್ಕೊಂಡೇ ಕೂತಿದೆ. ಅಷ್ಟ್ ಹಳೇ ಮಾಡ್ಲು. ಡೈನೋಸಾರ್ ಬಂದು ಹೋಯ್ತು, ಇದು ಹೋಗ್ಲಿಲ್ಲ. ನಮ್ ಕೆರೆ ಮೋರಿ ನೀರಿಗೆ ಹೋದ್ರೆ ಎಷ್ಟ್ ನಾಚಿಕೆಗೇಡು ಅಲ್ವಾ?" ಮಕ್ಕಳು ಟ್ರೇ ಕಡೆ ಬಗ್ಗುತ್ತಿದ್ದರು. ನನ್ನ ಪಾಠಕ್ಕೆ ಅವರು ಯಾವತ್ತೂ ಹಾಗೆ ಬಗ್ಗಿದ್ದಿಲ್ಲ.

ಆ ಪುಸ್ತಕಗಳಲ್ಲಿ ಬರೀ ಹುಳದ ಎಣಿಕೆ ಇತ್ತು ಎಂದುಕೊಳ್ಳಬೇಡಿ. ಬೇಸಿಗೆ ಬೇಗ ಬಂದದ್ದು, ಮಳೆ ಹೇಳದೆ ಕೇಳದೆ ತಿಂಗಳು ಬದಲಿಸಿದ್ದು, ಮೊದಲು ಬಯಲುಸೀಮೆಯ ಬಿಸಿಲಿನಲ್ಲಷ್ಟೇ ಇರುತ್ತಿದ್ದ ಒಂದು ಕೆಂಪು ಜಾತಿ ನಮ್ಮ ಕೆರೆಗೂ ಬಂದು ಕೂತದ್ದು, ತಂಪು ಬೇಕಾದ ಇನ್ನೊಂದು ಜಾತಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದು, ಎಲ್ಲವೂ ಅಲ್ಲಿತ್ತು. "ಯಾವ್ದೋ ದೇಶದಲ್ಲಿ ಹೊಗೆ ಬಿಟ್ರೆ ನಮ್ ಕೆರೆ ಹುಳಕ್ಕೆ ಜ್ವರ ಬರತ್ತೆ ಅಂತ ನಮ್ ಹಳೇ ಪ್ರೊಫೆಸರ್ ಸಾರ್ ಹೇಳ್ತಿದ್ರು. ಆಗ ನಾನ್ ನಂಬಿರ್ಲಿಲ್ಲ" ಎಂದು ಒಮ್ಮೆ ಪುಟ ತಿರುವುತ್ತ ಹೇಳಿದರು. ಆಗ ಅವರ ಮುಖದಲ್ಲಿದ್ದುದು ಬೇಸರವಲ್ಲ, ಹೆದರಿಕೆ.

ನಾನು ಆ ಕೆಲಸಕ್ಕೆ ಸೇರಿದ್ದು ಪ್ರೀತಿಯಿಂದಲ್ಲ. ಬಡ್ತಿಗೆ ಸಂಶೋಧನೆ ತೋರಿಸಬೇಕಿತ್ತು, ಸಿದ್ಧವಾದ ಮಾಹಿತಿ ಬೀರುವಿನಲ್ಲಿತ್ತು. ಅವರು ಖುಷಿಯಿಂದ ಒಪ್ಪಿದರು. ಅವರಿಗೆ ಮಂಡಿನೋವು ಶುರುವಾಗಿತ್ತು. ಕೆರೆಯ ಉತ್ತರಕ್ಕೆ ಜೊಂಡು ಬೆಳೆದ ಒಂದು ಮೂಲೆಯಿದೆ, ಅಲ್ಲಿಗೆ ಹೋಗಬೇಕಾದರೆ ಜಾರುವ ದಂಡೆ ಇಳಿಯಬೇಕು. "ಆ ಮೂಲೆ ನಿಮ್ದು ಮೇಡಂ, ಬುಧವಾರ ಬೆಳಗ್ಗೆ ಎಂಟರಿಂದ ಒಂಬತ್ತು" ಎಂದರು. ಆ ಮೂಲೆಯಲ್ಲಿ ಸೂಜಿಯಷ್ಟು ತೆಳ್ಳಗಿನ, ಬಾಲದ ತುದಿ ಮಾತ್ರ ನೀಲಿಯಿದ್ದ ಒಂದು ಜಾತಿ ಇತ್ತು. ಅದನ್ನು ಅವರು ಸೂಜಿ ಎಂದೇ ಕರೆಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಜೊಂಡಿನ ಕಡ್ಡಿಯೊಳಗೆ ಮೊಟ್ಟೆ ಇಡುತ್ತದೆ. ಜೊಂಡಿಲ್ಲದಿದ್ದರೆ ಅದೂ ಇಲ್ಲ. ಸುತ್ತಲಿನ ಇನ್ಯಾವ ಕೆರೆಯಲ್ಲೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಬರೆಯುವುದಕ್ಕೆ ಒಂದೇ ಒಂದು ಕಟ್ಟುನಿಟ್ಟು. ಹೋಗಿ, ಒಂದು ಗಂಟೆ ನಿಂತು, ಒಂದೂ ಕಾಣದಿದ್ದರೆ ಸೊನ್ನೆ. ಹೋಗಲಾಗದಿದ್ದರೆ ಗೀಟು. "ಎರಡೂ ಒಂದೇ ಅಲ್ಲ ಮೇಡಂ. ಗೀಟು ಅಂದ್ರೆ ನಮಗೆ ಗೊತ್ತಿಲ್ಲ ಅಂತ. ಸೊನ್ನೆ ಅಂದ್ರೆ ಗೊತ್ತು ಅಂತ. ಜ್ವರ ಬಂದ್ರೂ ಗೀಟು, ಮದ್ವೆ ಇದ್ರೂ ಗೀಟು. ನಮ್ ತಾಯಿ ಹೋದ ವಾರ ನೋಡಿ, ಇಲ್ಲಿ ಗೀಟಿದೆ." ತೋರಿಸಿದರು. ಇಪ್ಪತ್ತು ವರ್ಷದ ಪುಸ್ತಕದಲ್ಲಿ ಅವರ ಗೀಟುಗಳು ಬೆರಳೆಣಿಕೆಯಷ್ಟು.

ಅದೇ ನನಗೆ ಮುಳುವಾಯಿತು. ಅಷ್ಟು ಕಡಿಮೆ ಗೀಟಿರುವ ಪುಸ್ತಕದಲ್ಲಿ ಸಾಲಾಗಿ ಗೀಟು ಹಾಕಲು ನಾಚಿಕೆಯಾಯಿತು. ಆ ವರ್ಷ ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು. ಎರಡು ತಿಂಗಳು ನಾವೆಲ್ಲ ಫೈಲುಗಳಲ್ಲಿ ಮುಳುಗಿದ್ದೆವು. ನಡೆಯದ ಮೀಟಿಂಗುಗಳ ನಡಾವಳಿ ಬರೆದೆವು, ಬಾರದ ಅತಿಥಿಗಳಿಗೆ ವಂದನಾರ್ಪಣೆ ಮಾಡಿದೆವು, ಒಂದೇ ಮಧ್ಯಾಹ್ನ ಕೂತು ಮೂರು ವರ್ಷದ ಸಹಿ ಹಾಕಿದೆವು. ಯಾರಿಗೂ ಅದು ಸುಳ್ಳು ಎನ್ನಿಸಲಿಲ್ಲ, ಕೆಲಸ ಎನ್ನಿಸಿತು. ಆ ಗಡಿಬಿಡಿಯಲ್ಲಿ ಒಂಬತ್ತು ಬುಧವಾರ ನಾನು ಕೆರೆಗೆ ಹೋಗಲಿಲ್ಲ. ತಂಡ ಬಂದು ಹೋದ ಮೇಲೆ, ಅದೇ ಕೈಯಲ್ಲಿ, ಅದೇ ಪೆನ್ನಿನಲ್ಲಿ, ಸೂಜಿಯ ಸಾಲಿನಲ್ಲಿ ಒಂಬತ್ತು ಸೊನ್ನೆ ಬರೆದೆ. ಸುಳ್ಳು ಅಂಕಿ ಬರೆಯಲಿಲ್ಲವಲ್ಲ, ಸೊನ್ನೆ ತಾನೇ, ಯಾರಿಗೇನು ನಷ್ಟ ಎಂದುಕೊಂಡೆ.

ಎರಡು ದಿನದ ನಂತರ ಲ್ಯಾಬಿನಲ್ಲಿ ಗಾಜು ಒರೆಸುತ್ತಿದ್ದವರು ಕೇಳಿದರು. "ಮೇಡಂ, ಆ ಅಕ್ಟೋಬರ್ ಎರಡನೇ ಬುಧವಾರ ಹೋದ್ರಲ್ಲ, ಮೂಲೇಲಿ ನೀರು ಎಷ್ಟಿತ್ತು?"

"ಮಾಮೂಲಿ ಇತ್ತು ಅಣ್ಣ" ಎಂದೆ.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ಹೌದಾ" ಎಂದರು, ಅಷ್ಟೇ. ಆ ವಾರ ಕೆರೆ ಕೋಡಿ ಬಿದ್ದು ದಾರಿಯೇ ಮುಳುಗಿತ್ತು ಎಂಬುದು ನನಗೆ ಆಮೇಲೆ ಇನ್ಯಾರೋ ಹೇಳಿ ಗೊತ್ತಾಯಿತು. ಅವರಿಗೆ ಅವತ್ತೇ ಗೊತ್ತಿತ್ತು. ಅವರು ಮತ್ತೆ ಕೇಳಲಿಲ್ಲ. ನಾನಾಗಿಯೇ ಹೇಳಲೆಂದು ಬಿಟ್ಟರೋ ಏನೋ. ನಾನು ಹೇಳಲಿಲ್ಲ.

ಹೇಳದಿದ್ದರೆ ಹೋಗಲಿ, ಆ ಸೊನ್ನೆಗಳನ್ನು ಇಟ್ಟುಕೊಂಡು ಒಂದು ಪ್ರಬಂಧ ಬರೆದೆ. ಕೆರೆಯ ನೀರು ಕೆಡುತ್ತಿರುವುದೂ ಭೂಮಿಯ ಬಿಸಿ ಏರುತ್ತಿರುವುದೂ ಸೇರಿ ಸೂಜಿ ಈ ಜಾಗ ಬಿಟ್ಟಿದೆ ಎಂದು ವಿಚಾರ ಸಂಕಿರಣದಲ್ಲಿ ಓದಿದೆ. ಲೋಕದಲ್ಲೆಲ್ಲ ಜೀವಜಾತಿಗಳು ಮಾಯವಾಗುತ್ತಿವೆ, ಇಲ್ಲೂ ಹಾಗೇ ಆಗಿರುತ್ತದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಚಪ್ಪಾಳೆ ಬಿತ್ತು. ಪತ್ರಿಕೆಯೊಂದರ ಒಳಪುಟದಲ್ಲಿ ನನ್ನ ಫೋಟೋ ಹಾಕಿ 'ಕೆರೆಯಿಂದ ಕಣ್ಮರೆ' ಎಂದು ಬರೆದರು. ಅಣ್ಣ ಆ ಪುಟ ಮಡಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. "ಕಣ್ಮರೆ ಅಂತ ಹಾಕಿದಾರೆ ಮೇಡಂ. ದೊಡ್ ಮಾತು" ಎಂದರು. ನಾನು ಫೋಟೋ ಚೆನ್ನಾಗಿ ಬಂದಿಲ್ಲ ಎಂದೆ.

ಮರುವರ್ಷ ಮೇ ತಿಂಗಳಿನಲ್ಲಿ ಕೆರೆ ಅಭಿವೃದ್ಧಿಯ ಸಭೆ ಕರೆದರು. ಕೆರೆಯ ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡುವುದು, ಜೊಂಡೆಲ್ಲ ಕಿತ್ತು ಹೂಳೆತ್ತುವುದು, ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಸುವುದು ಎಂದು ಯೋಜನೆ. ಜೊಂಡಿನ ಮೂಲೆಯೊಂದನ್ನು ಬಿಟ್ಟುಬಿಡಿ ಎಂದು ನಮ್ಮ ಕಾಲೇಜಿನಿಂದ ಅರ್ಜಿ ಹೋಗಿತ್ತು. ಅರ್ಜಿ ಬರೆಸಿದವರು ಅವರೇ. ಪ್ರಿನ್ಸಿಪಾಲರ ಹಿಂದೆ ಬಿದ್ದು ಸಹಿ ಹಾಕಿಸಿದ್ದರು.

ಜೆ.ಪಿ. ನಗರದ ಒಂದು ಸಮುದಾಯ ಭವನ. ಬೆಳಗ್ಗೆ ಹತ್ತೂವರೆಗೇ ಸೆಕೆ. ಸುತ್ತಲಿನ ಬಡಾವಣೆಗಳ ಜನ ತುಂಬಿದ್ದರು. ಜೊಂಡಿದ್ದರೆ ಸೊಳ್ಳೆ ಎಂದು ಒಬ್ಬ ನಿವೃತ್ತರು, ಹಾವು ಎಂದು ಇನ್ನೊಬ್ಬರು. ಆ ಹುಳದ ಮರಿಗಳೇ ನೀರಿನೊಳಗೆ ಸೊಳ್ಳೆಮರಿ ತಿನ್ನುತ್ತವೆ ಎಂದು ಅಣ್ಣ ಹೇಳಲು ಹೋದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಮೂರನೇ ಸಾಲಿನಲ್ಲಿ ಪ್ರಿನ್ಸಿಪಾಲರ ಪಕ್ಕ ಕೂತಿದ್ದೆ. ಗುತ್ತಿಗೆದಾರರ ಕಡೆಯ ಎಂಜಿನಿಯರ್ ಎದ್ದು ನಿಂತು ಪತ್ರಿಕೆಯ ಆ ತುಣುಕನ್ನು ಮೇಲೆತ್ತಿ ಹಿಡಿದ.

"ಸಾರ್, ಇದು ನಾವ್ ಹೇಳ್ತಿರೋದಲ್ಲ. ಇದೇ ಕಾಲೇಜಿನ ಡಾಕ್ಟರ್ ಮೇಡಂ ಬರ್ದಿರೋದು. ಆ ಹುಳ ಜಾಗ ಬಿಟ್ಟು ಹೋಗಿದೆ ಅಂತ. ಒಂಬತ್ತು ವಾರ, ಒಂದೂ ಕಂಡಿಲ್ಲ. ಇಲ್ದೇ ಇರೋ ಹುಳಕ್ಕೆ ನಾವ್ಯಾಕ್ ಜೊಂಡು ಬಿಡ್ಬೇಕು?"

ಸಭೆ ನಕ್ಕಿತು. ಸಭೆ ನಡೆಸುತ್ತಿದ್ದ ಪಾಲಿಕೆಯ ಅಧಿಕಾರಿ ಲಾಂಗ್ ಬುಕ್ ತರಿಸಿಕೊಂಡು ಪುಟ ತಿರುಗಿಸಿದರು. ಸೂಜಿಯ ಸಾಲಿನಲ್ಲಿ ಬೆರಳಿಟ್ಟುಕೊಂಡು ಬಂದು ಸೊನ್ನೆಗಳ ಹತ್ತಿರ ನಿಲ್ಲಿಸಿದರು. "ಇದನ್ನ ನೋಡ್ಕೊಳ್ಳೋರು ಯಾರು?"

ಅವರು ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡಿದ್ದರು. "ನಾನ್ ಸಾರ್. ಅಟೆಂಡರು."

"ಏನ್ ಓದಿದೀರಿ?" ಎಂದು ಎಂಜಿನಿಯರ್ ಕೇಳಿದ.

"ಎಸ್ಸೆಸ್ಸೆಲ್ಸಿ ಫೇಲು ಸಾರ್."

ಮತ್ತೆ ನಗು. ಅಧಿಕಾರಿ ಕೈಯೆತ್ತಿ ಸುಮ್ಮನಾಗಿಸಿದರು. "ಸೊನ್ನೆ ಅಂದ್ರೆ ಹೋಗಿ ನೋಡಿ, ಕಂಡಿಲ್ಲ ಅಂತ ತಾನೇ? ಹಾಗಾದ್ರೆ ಅರ್ಜಿಗೆ ಅರ್ಥ ಏನು?"

ನಾನು ಏಳಬೇಕಾಗಿದ್ದು ಆಗ. ಹೋಗಲಿಲ್ಲ, ನೋಡಲಿಲ್ಲ, ಸುಮ್ಮನೆ ಬರೆದೆ ಎಂದು ಮೂರು ಮಾತು ಹೇಳಿದ್ದರೆ ಸಾಕಿತ್ತು. ಪ್ರಬಂಧ ಹೋಗುತ್ತಿತ್ತು, ಬಡ್ತಿ ಹೋಗುತ್ತಿತ್ತು, ಮರ್ಯಾದೆ ಹೋಗುತ್ತಿತ್ತು. ಕುರ್ಚಿಯ ಕೈಯನ್ನು ಹಿಡಿದುಕೊಂಡೆ, ಏಳುವುದಕ್ಕೆ ಎಂದೇ ಹಿಡಿದುಕೊಂಡೆ, ಆದರೆ ಏಳಲಿಲ್ಲ. ಅವರು ಒಂದು ಸಲ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

"ಹೋಗಿರ್ಲಿಲ್ಲ ಸಾರ್" ಎಂದರು ಅವರು. "ಆ ಒಂಬತ್ತು ವಾರ ಮೂಲೆಗೆ ಯಾರೂ ಹೋಗಿರ್ಲಿಲ್ಲ. ಮೇಡಂಗೆ ತಪಾಸಣೆ ಕೆಲಸ ಇತ್ತು, ನಂಗ್ ಹೋಗಕ್ ಹೇಳಿದ್ರು. ನಂಗೆ ಮಂಡಿ ನೋವು. ಹೋಗ್ದೇನೆ ಸೊನ್ನೆ ಅಂತ ಬಾಯಲ್ಲಿ ಹೇಳ್ಬಿಟ್ಟೆ. ಅವ್ರು ನಂಬಿ ಬರ್ಕೊಂಡ್ರು. ತಪ್ಪು ನಂದು."

ಪ್ರಿನ್ಸಿಪಾಲರು "ಥೂ" ಎಂದರು, ಪಕ್ಕದಲ್ಲಿದ್ದ ನನಗೆ ಕೇಳಿಸುವಷ್ಟು. ಎಂಜಿನಿಯರ್ ಬಿಡಲಿಲ್ಲ. "ಹಂಗಾದ್ರೆ ಇಪ್ಪತ್ತು ವರ್ಷದ ಬುಕ್ಕೂ ಇದೇ ಕಥೇನಾ? ಮನೇಲಿ ಕೂತು ಎಣಿಸಿದ್ದಾ?"

ತಾಯಿ ಸತ್ತ ವಾರವೂ ಸುಳ್ಳು ಬರೆಯದೆ ಗೀಟು ಹಾಕಿದ ಮನುಷ್ಯ ಅಷ್ಟು ಜನರ ಮುಂದೆ ಅದನ್ನೂ ಕೇಳಿಸಿಕೊಂಡು ನಿಂತಿದ್ದರು. ನಾನು ಆಗಲಾದರೂ ಏಳಬಹುದಿತ್ತು.

ಅಧಿಕಾರಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಇದನ್ನು ನಂಬುವ ಹಾಗಿಲ್ಲ, ಹಾಗೆಂದು ಹುಳ ಇಲ್ಲವೆಂದು ಹೇಳುವ ಹಾಗೂ ಇಲ್ಲ, ಒಂದು ಮಳೆಗಾಲ ಆ ಮೂಲೆ ಮುಟ್ಟಬೇಡಿ, ಓದಿದವರಿಂದ ಹೊಸದಾಗಿ ಎಣಿಸಿ ವರದಿ ಕೊಡಿ ಎಂದರು. ಓದಿದವರು ಎಂದರೆ ನಾನು. ನನ್ನ ಹೆಸರನ್ನು ಅಲ್ಲೇ ಬರೆದುಕೊಂಡರು.

ಹೊರಗೆ ಅವರು ಸ್ಕೂಟರ್ ಒದೆಯುತ್ತಿದ್ದರು. ಮೂರು ಸಲ ಒದ್ದರೂ ಹತ್ತಲಿಲ್ಲ. ನಾನು ಓಡಿಹೋಗಿ "ಅಣ್ಣ, ಯಾಕ್ ಹೀಗ್ ಮಾಡಿದ್ರಿ" ಎಂದೆ. ಅಳು ಬಂದಿತ್ತು.

"ಮತ್ತಿನ್ನೇನ್ ಮಾಡ್ಲಿ ಮೇಡಂ? ನಿಮ್ ಮಾತು ಬಿದ್ದೋದ್ರೆ ಎಣಿಸಕ್ಕೆ ಯಾರ್ನ ಕಳಿಸ್ತಾರೆ? ನನ್ನಂತೂ ಕಳಿಸಲ್ಲ" ಎಂದರು. ಸಿಟ್ಟಿರಲಿಲ್ಲ, ಸುಸ್ತಿತ್ತು. ನಾಲ್ಕನೇ ಒದೆತಕ್ಕೆ ಸ್ಕೂಟರ್ ಹತ್ತಿತು. ಹೊರಡುವಾಗ "ಈ ಸಲ ಹೋಗಿ ನೋಡಿ" ಎಂದರು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಹೋದೆ. ಸೆಪ್ಟೆಂಬರಿನ ಮೊದಲ ಬುಧವಾರವೇ ಜೊಂಡಿನ ಕಡ್ಡಿಗಳ ಮಧ್ಯೆ ನೀಲಿ ಬಾಲದ ತುದಿಗಳು ಕಂಡವು. ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಎಲ್ಲಿಗೂ ಹೋಗಿರಲಿಲ್ಲ ಅವು. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ವಾರವಾರ ಫೋಟೋ ತೆಗೆಸಿದೆ. ವರದಿ ಕೊಟ್ಟೆ. ಮೂಲೆ ಉಳಿಯಿತು. ಈಗ ಅಲ್ಲಿ ಬೇಲಿ ಹಾಕಿ ಒಂದು ಬೋರ್ಡು ನಿಲ್ಲಿಸಿದ್ದಾರೆ, ಮಾರ್ಗದರ್ಶನ ಎಂದು ಕೆಳಗೆ ನನ್ನ ಹೆಸರಿದೆ.

ಅಣ್ಣನಿಗೆ ಮೆಮೋ ಕೊಟ್ಟರು. ವಿಭಾಗದಿಂದ ಎತ್ತಿ ಪರೀಕ್ಷಾ ವಿಭಾಗಕ್ಕೆ ಹಾಕಿದರು. ಕೆರೆಗೆ ಮಕ್ಕಳ ಜೊತೆ ಹೋಗಕೂಡದು ಎಂದು ಬಾಯಿಮಾತಿನಲ್ಲಿ ಹೇಳಿದರು. ಅವರು ಒಬ್ಬರೇ ಹೋಗಬಹುದಿತ್ತು, ಹೋಗಲಿಲ್ಲ. "ನಾನ್ ನೋಡಿದ್ರೆ ಏನ್ ಬಂತು ಮೇಡಂ, ಬರೆಯಂಗಿಲ್ಲವಲ್ಲ" ಎಂದರು ಒಮ್ಮೆ. ಮರುವರ್ಷ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಭಾಷಣ. "ಮನೇಲೇ ಕೂತು ಕೆರೆಯ ಹುಳ ಎಣಿಸಿದ ನಮ್ಮ ವಿಜ್ಞಾನಿ" ಎಂದು ಪ್ರಿನ್ಸಿಪಾಲರು ಚಟಾಕಿ ಹಾರಿಸಿದರು. ಎಲ್ಲರೂ ನಕ್ಕರು. ಅವರೂ ನಕ್ಕರು. ನಾನೂ ನಕ್ಕೆ.

ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಬಡ್ತಿ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಿದ್ದೆ. ಬಡ್ತಿ ಆಯಿತು. ನಾನು ಹೇಳಿದರೆ ಮೂಲೆಯ ಫೈಲು ಮತ್ತೆ ತೆರೆದುಬಿಟ್ಟಾರು, ಮೂಲೆಗಾಗಿಯಾದರೂ ಸುಮ್ಮನಿರಬೇಕು ಎಂದುಕೊಂಡೆ. ವಾರವಾರ ಮಕ್ಕಳು ತಾರೀಖಿನ ಸಮೇತ ಫೋಟೋ ತೆಗೆಯುತ್ತಿರುವಾಗ ಇನ್ಯಾರ ಮಾತೂ ಬೇಕಿರಲಿಲ್ಲ, ಅದು ನನಗೂ ಗೊತ್ತಿತ್ತು.

ಅವರ ಹನ್ನೊಂದನೇ ದಿನದ ಕಾರ್ಯಕ್ಕೆ ಕೋಣನಕುಂಟೆಗೆ ಹೋದೆ. ಮಹಡಿಯ ಮೇಲೆ ಶಾಮಿಯಾನ ಹಾಕಿ ಊಟಕ್ಕೆ ಎಲೆ ಹಾಕುತ್ತಿದ್ದರು. ಕಾಲೇಜಿನವರೆಲ್ಲ ಬಂದಿದ್ದರು, ಪ್ರಿನ್ಸಿಪಾಲರೂ. ಕೆಳಗಿನ ಮನೆಯಲ್ಲಿ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ಸ್ಕೂಲ್ ಟೀಚರ್, ನನಗಿಂತ ಸ್ವಲ್ಪ ಚಿಕ್ಕವಳು.

"ಮೇಡಂ, ಒಂದ್ ಮಾತು ಕೇಳ್ಲಾ? ಅಪ್ಪ ಕೆರೆಗೆ ಹೋಗ್ದೇ ಸುಳ್ಳು ಲೆಕ್ಕ ಹೇಳಿದ್ರಂತೆ. ಹೌದಾ? ನಾನು ನಂಬ್ಲಿಲ್ಲ. ಅವ್ರನ್ನೇ ಕೇಳ್ದೆ. 'ಹೂಂ ಕಣವ್ವ, ಹೇಳ್ದೆ' ಅಂದ್ರು. ಚಿಕ್ಕೋಳಿದ್ದಾಗ ಒಂದ್ ಸುಳ್ಳಿಗೆ ನನ್ನ ಇಡೀ ದಿನ ಮಾತಾಡಿಸ್ದೇ ಇದ್ದೋರು ಅವ್ರು. ನಂಗೆ ಎಷ್ಟ್ ಸಿಟ್ಟು ಬಂತು ಅಂದ್ರೆ, ಆರು ತಿಂಗಳು ಈ ಮನೆಗೆ ಕಾಲಿಡ್ಲಿಲ್ಲ. ಆಮೇಲ್ ಬಂದ್ರೂ ಮುಂಚಿನ ಥರ ಇರ್ಲಿಲ್ಲ. ಅದಕ್ಕೇ ಕೇಳ್ತಿದೀನಿ."

ಅವರು ಕಳೆದುಕೊಂಡದ್ದು ಪುಸ್ತಕವನ್ನಷ್ಟೇ ಎಂದು ನಾನು ತಿಳಿದಿದ್ದೆ.

"ಅವ್ರು ಹೇಳಿದ್ದೇ ಸುಳ್ಳು" ಎಂದೆ. "ಹೋಗ್ದೇ ಬರೆದೋಳು ನಾನು. ಅವತ್ತು ಸಭೇಲಿ ನನ್ನ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ನೆ ಕೂತಿದ್ದೆ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಟ್ಟಿಲ ಕಡೆ ಕೈ ತೋರಿಸಿದಳು.

"ನನ್ ಹತ್ರ ಹೇಳಿದ್ರೆ ಏನ್ ಬಂತು? ಮೇಲೆ ಎಲ್ಲಾರೂ ಕೂತಿದಾರೆ. ಅಲ್ ಬಂದು ಹೇಳಿ."

ಮೇಲೆ ಮೊದಲ ಪಂಕ್ತಿ ಕೂತಿತ್ತು. ಪ್ರಿನ್ಸಿಪಾಲರು ಎಲೆಗೆ ನೀರು ಚಿಮುಕಿಸುತ್ತಿದ್ದರು. ಅವರ ಪಕ್ಕ ನನಗೆಂದು ಜಾಗ ಹಿಡಿದಿದ್ದರು. ನಾನು ಕೂರಲಿಲ್ಲ. ಪಲ್ಯ ಬಡಿಸುತ್ತಿದ್ದವರಿಗೆ ಒಂದು ನಿಮಿಷ ನಿಲ್ಲಿ ಎಂದೆ. ಅವತ್ತು ಸಭೆಯಲ್ಲಿ ಬಾರದ ಧ್ವನಿ ಆ ಮಹಡಿಯ ಮೇಲೆ ಬಂತು. ಎಲ್ಲವನ್ನೂ ಹೇಳಿದೆ, ಸೊನ್ನೆ, ಪ್ರಬಂಧ, ಸಭೆ, ಬೀಳ್ಕೊಡುಗೆಯ ದಿನ ನಕ್ಕಿದ್ದು. ಅಣ್ಣನ ಹೆಂಡತಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದವರು "ಇನ್ನೊಂದ್ ಸಲ ಹೇಳವ್ವ, ನಂಗೆ ಕಿವಿ ಸರಿಯಾಗಿ ಕೇಳಲ್ಲ" ಎಂದರು. ಹತ್ತಿರ ಹೋಗಿ, ಗಟ್ಟಿಯಾಗಿ, ಮೊದಲಿನಿಂದ ಮತ್ತೆ ಹೇಳಿದೆ.

ಪ್ರಬಂಧ ವಾಪಸ್ ಪಡೆಯುವ ಪತ್ರವನ್ನು ಕಳಿಸಿದ್ದೇನೆ. ಅದರಿಂದ ಏನಾಗುತ್ತದೋ ಆಗಲಿ. ಸಮುದಾಯ ಭವನದಲ್ಲಿ ಅವತ್ತು ನಕ್ಕವರು ಬಹಳ ಜನ, ಅವರಲ್ಲಿ ಹೆಚ್ಚಿನವರು ಆ ಮಹಡಿಯ ಮೇಲೆ ಇರಲಿಲ್ಲ. ಇದನ್ನು ಅವರಿಗಾಗಿ ಬರೆದಿದ್ದೇನೆ.